ಡೂ-ವಾಪ್ ಹುಡುಗರ ಬೀದಿಗಳಲ್ಲಿ ಒಂದು ಸುತ್ತು

ನಯಾಗರಾ ಬೇಡ ಅಂದಾಗ ಭಾವಮೈದುನ ನನ್ನನ್ನು ಒಂಥರಾ ನೋಡಿದ. ಅವನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ ಮಾಡಿ ವರ್ಷಗಳಾದವು. ಊರಿಂದ ಬಂದವರನ್ನೆಲ್ಲ ನಯಾಗರಾ, ವಾಷಿಂಗ್ಟನ್ ಅಂತ ಸುತ್ತಿಸಿ ಅವನಿಗೆ ಆ ದಾರಿಗಳು ಬಾಯಿಪಾಠ. ನಾನು ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದು ಚರ್ಚಿನ ನೆಲಮಾಳಿಗೆ, ಒಂದೆರಡು ಹಳೇ ಶಾಲೆ, ಯಾವತ್ತೋ ಖಾಲಿಯಾದ ಒಂದು ಟಿವಿ ಸ್ಟುಡಿಯೋ. "ಭಾವ, ಇದನ್ನ ನೋಡೋಕೆ ಅಷ್ಟು ದೂರದಿಂದ ಬಂದ್ರಾ?" ಅಂದ. ಆದರೂ ರಜೆ ಹಾಕಿ ಕಾರು ತೆಗೆದ.

ರಾಕ್ ಅಂಡ್ ರೋಲ್ ಅಂದ ಕೂಡಲೇ ನಮಗೆ ನೆನಪಾಗೋದು ಎಲ್ವಿಸ್. ಅದೇ ಕಾಲದಲ್ಲಿ, 1950ರ ದಶಕದಲ್ಲಿ, ಅಮೆರಿಕದ ಪೂರ್ವ ಕರಾವಳಿಯ ನಗರಗಳಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ನಾಲ್ಕೈದು ಜನರ ಗುಂಪು ಕಟ್ಟಿಕೊಂಡು ಹಾಡುತ್ತಿದ್ದರು. ಹೆಚ್ಚಿನವರು ಕಪ್ಪು ಜನಾಂಗದವರು. ಜೊತೆಗೆ ಇಟಲಿ, ಪೋರ್ಟೊರಿಕೊ ಮೂಲದವರೂ ಇದ್ದರು. ಗಿಟಾರು, ಡ್ರಮ್ಸು ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಒಬ್ಬ ಹಾಡಿನ ಸಾಲು ಹೇಳುತ್ತಾನೆ, ಇನ್ನೊಬ್ಬ ತೀರಾ ಕೆಳದನಿಯಲ್ಲಿ ಡೂಂ ಡೂಂ ಅನ್ನುತ್ತಾನೆ, ಉಳಿದವರು ನಡುವೆ ದನಿಗೆ ದನಿ ಕೂಡಿಸುತ್ತಾರೆ. ಕೊನ್ನಕ್ಕೋಲಿನಲ್ಲಿ ಬಾಯಿಯೇ ಮೃದಂಗ ಆಗುತ್ತದಲ್ಲ, ಹಾಗೆ. ಈ ಬಗೆಯ ಹಾಡಿಗೆ ಡೂ-ವಾಪ್ ಅನ್ನೋ ಹೆಸರು ನಿಂತದ್ದು ಆಮೇಲೆ. ಒಂದು ಹಾಡು ಹಿಟ್ ಆಗಿ, ಮತ್ತೆ ಯಾವತ್ತೂ ಸುದ್ದಿಯಾಗದ ಗುಂಪುಗಳು ಇಲ್ಲಿ ಲೆಕ್ಕವಿಲ್ಲದಷ್ಟು. ನನಗೆ ನೋಡಬೇಕಾಗಿದ್ದದ್ದು ಆ ಒಂದು ಹಾಡು ಹುಟ್ಟಿದ ಜಾಗಗಳನ್ನು.

ಗುರುವಾರ: ನ್ಯೂ ಹೇವನ್

ಕನೆಕ್ಟಿಕಟ್ ಕಡೆಯ 95ನೇ ಹೆದ್ದಾರಿಯಲ್ಲಿ ಟ್ರಾಫಿಕ್ ಬಗ್ಗೆ ಹೇಳದಿರುವುದೇ ವಾಸಿ. ಊಟದ ಹೊತ್ತಿಗೆ ನ್ಯೂ ಹೇವನ್ ಮುಟ್ಟಿದೆವು. ಪ್ರವಾಸಿಗಳು ಇಲ್ಲಿಗೆ ಬರೋದು ಯೇಲ್ ವಿಶ್ವವಿದ್ಯಾಲಯ ನೋಡಲು, ವೂಸ್ಟರ್ ಬೀದಿಯ ಪಿಜ್ಜಾ ತಿನ್ನಲು. ಪಿಜ್ಜಾ ನಾವೂ ತಿಂದೆವು. ಆಮೇಲೆ ಬಂದರಿನ ಆಚೆ ದಂಡೆಗೆ, ಟೌನ್ಸೆಂಡ್ ಅವೆನ್ಯೂಗೆ ಹೋದೆವು. ಶಾಂತವಾದ ಮನೆಗಳ ಸಾಲು. ಅಲ್ಲೇ ಸೇಂಟ್ ಬರ್ನಡೆಟ್ ಚರ್ಚು.

1956ರ ಫೆಬ್ರವರಿಯಲ್ಲಿ ಈ ಚರ್ಚಿನ ನೆಲಮಾಳಿಗೆಯಲ್ಲಿ ಫೈವ್ ಸ್ಯಾಟಿನ್ಸ್ ಅನ್ನೋ ಊರ ಹುಡುಗರ ಗುಂಪು 'ಇನ್ ದ ಸ್ಟಿಲ್ ಆಫ್ ದ ನೈಟ್' ರೆಕಾರ್ಡ್ ಮಾಡಿತು. ಬರೆದವನೂ ಮುಂದೆ ನಿಂತು ಹಾಡಿದವನೂ ಫ್ರೆಡ್ ಪ್ಯಾರಿಸ್. ಆಗ ಅವನು ಸೇನೆಯಲ್ಲಿದ್ದ. ರಜೆ ಮುಗಿಸಿ ಫಿಲಡೆಲ್ಫಿಯಾದ ನೆಲೆಗೆ ರೈಲಿನಲ್ಲಿ ವಾಪಸ್ ಹೋಗುವಾಗ ಹಾಡು ತಲೆಗೆ ಬಂತು. ರಾತ್ರಿ ಕಾವಲು ಪಾಳಿಯಲ್ಲಿ ಕೂತು ಪೂರ್ತಿ ಮಾಡಿದ. ಚರ್ಚಿನ ಜಾಗ ಸಿಕ್ಕಿದ್ದು ಸ್ಯಾಕ್ಸೊಫೋನ್ ನುಡಿಸಿದ ವಿನ್ಸೆಂಟ್ ಮಜೆಟಾನಿಂದ. ಅವನು ಅದೇ ಚರ್ಚಿಗೆ ಸೇರಿದವನು. ಪಾದ್ರಿಗಳ ಹತ್ತಿರ ಕೇಳಿ ಒಪ್ಪಿಸಿದ. ಎರಡು ಟ್ರ್ಯಾಕಿನ ಒಂದು ಟೇಪ್ ರೆಕಾರ್ಡರು, ಪಿಯಾನೊ, ಡ್ರಮ್ಸು. ಹೆಸರಿಗೆ ಐವರು, ಆ ದಿನ ಹಾಡಿದವರು ನಾಲ್ವರು.

ನಾವು ಹೋದಾಗ ಬಾಗಿಲು ಹಾಕಿತ್ತು. ಹೊರಗೆ ನಿಂತು ಫೋನಿನಲ್ಲಿ ಹಾಡು ಹಾಕಿದೆ. ಆ ರೆಕಾರ್ಡಿನಲ್ಲಿ ಎಲ್ಲ ದನಿಗೂ ಒಂದು ಮಬ್ಬು ಇದೆ, ಪಕ್ಕದ ಕೋಣೆಯಿಂದ ಕೇಳಿದ ಹಾಗೆ. ಆ ಮಬ್ಬೇ ಅದರ ರುಚಿ. ಒಳ್ಳೇ ಸ್ಟುಡಿಯೋದಲ್ಲಿ ಮಾಡಿದ್ದರೆ ಇಷ್ಟು ವರ್ಷ ಉಳಿಯುತ್ತಿತ್ತಾ? ನನಗೆ ಅನುಮಾನ.

ಮೊದಲು ಈ ಹಾಡು ಬಂದದ್ದು ಸ್ಟ್ಯಾಂಡರ್ಡ್ ಅನ್ನೋ ಪುಟಾಣಿ ರೆಕಾರ್ಡ್ ಕಂಪನಿಯಿಂದ, ಅದೂ ರೆಕಾರ್ಡ್ ತಟ್ಟೆಯ ಹಿಂಬದಿಯಲ್ಲಿ, ಅಂದರೆ ಕಂಪನಿ ಹೆಚ್ಚು ನೆಚ್ಚಿಕೊಳ್ಳದ ಹಾಡಿನ ಜಾಗದಲ್ಲಿ. ನ್ಯೂಯಾರ್ಕಿನ ಎಂಬರ್ ಕಂಪನಿ ಕೊಂಡ ಮೇಲೆ ಓಡಿತು. ದೇಶದ ಜನಪ್ರಿಯ ಹಾಡುಗಳ ಬಿಲ್ಬೋರ್ಡ್ ಪಟ್ಟಿಯಲ್ಲಿ 24ನೇ ಸ್ಥಾನ. ಅಷ್ಟೊತ್ತಿಗೆ ಸೇನೆ ಪ್ಯಾರಿಸ್‌ನನ್ನು ಜಪಾನಿಗೆ ಕಳಿಸಿತ್ತು. ಇಲ್ಲಿ ಅವನ ಹಾಡು ಮನೆಮನೆಯ ರೇಡಿಯೋದಲ್ಲಿ, ಅವನು ಅಲ್ಲಿ ಸಮವಸ್ತ್ರದಲ್ಲಿ. ಗುಂಪಿನ ಮುಂದಿನ ಹಿಟ್ 1957ರಲ್ಲಿ ಬಂದಾಗ ಮುಂದೆ ನಿಂತು ಹಾಡಿದ್ದು ಬಿಲ್ ಬೇಕರ್. ಆದರೆ ಈ ಹಾಡು ಹಠಮಾರಿ. 1959ರಲ್ಲಿ ಲಾಸ್ ಏಂಜಲೀಸಿನ ರೇಡಿಯೋ ನಿರೂಪಕ ಆರ್ಟ್ ಲಬೋ ಹಳೇ ಹಿಟ್‌ಗಳನ್ನು ಸೇರಿಸಿ ಒಂದು ಎಲ್ಪಿ ತಂದ. ಅದರಲ್ಲಿ ಇದೂ ಇತ್ತು. ಪರಿಣಾಮ, 1960ರಲ್ಲೂ 1961ರಲ್ಲೂ ಮತ್ತೆ ಪಟ್ಟಿಗೆ ಹತ್ತಿತು. 1987ರಲ್ಲಿ 'ಡರ್ಟಿ ಡ್ಯಾನ್ಸಿಂಗ್' ಸಿನಿಮಾ ಇನ್ನೊಂದು ತಲೆಮಾರಿಗೆ ಮುಟ್ಟಿಸಿತು. ಪ್ಯಾರಿಸ್ ತೀರಿಕೊಂಡದ್ದು 2022ರ ಜನವರಿಯಲ್ಲಿ, 85ನೇ ವಯಸ್ಸಿನಲ್ಲಿ.

ಶುಕ್ರವಾರ: ಬ್ರಾಂಕ್ಸ್

ಕಾರು ಎಡಿಸನ್ ಸ್ಟೇಷನ್ನಿನಲ್ಲೇ ಬಿಟ್ಟು ರೈಲು ಹತ್ತಿದೆವು. ಪೆನ್ ಸ್ಟೇಷನ್ನಿನಲ್ಲಿ ಇಳಿದು 2 ನಂಬರಿನ ಸಬ್‌ವೇ. ಬ್ರಾಂಕ್ಸ್ ಒಳಗೆ ಹೋದ ಮೇಲೆ ಈ ರೈಲು ನೆಲದಿಂದ ಮೇಲೆದ್ದು ಕಂಬಗಳ ಮೇಲೆ ಓಡುತ್ತದೆ. ಪ್ರಾಸ್ಪೆಕ್ಟ್ ಅವೆನ್ಯೂನಲ್ಲಿ ಇಳಿದು ಉತ್ತರಕ್ಕೆ ನಡೆದರೆ 166ನೇ ಬೀದಿ. ಮೊರಿಸಾನಿಯಾ ಅನ್ನೋ ಬಡಾವಣೆ ಇದು. ನನ್ನ ಇಡೀ ಚೀಟಿಯಲ್ಲಿ ಇದೊಂದೇ ಬೀದಿ ಸಾಕು ಅನ್ನಿಸುವಷ್ಟು ಸರಕು ಇಲ್ಲಿದೆ.

ಬೀದಿ ಬಾಸ್ಟನ್ ರೋಡನ್ನು ಸೇರುವಲ್ಲಿ ಮಾರಿಸ್ ಹೈಸ್ಕೂಲಿನ ಕಟ್ಟಡ. ಕೋಟೆಯಂಥ ಗೋಪುರ, ಉದ್ದುದ್ದ ಕಿಟಕಿಗಳು. 1904ರದ್ದು. ಈಗ ಒಳಗೆ ಹಲವು ಸಣ್ಣ ಶಾಲೆಗಳು ನಡೆಯುತ್ತವೆ. ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಕಾಲಿನ್ ಪವೆಲ್ ಓದಿದ್ದು ಇಲ್ಲೇ, 1954ರಲ್ಲಿ ಪಾಸಾದರು. ಅದೇ ವರ್ಷ ಇದೇ ಶಾಲೆಯಲ್ಲಿ ಕೂಡಿದ್ದ ಹುಡುಗರು ಇಡೀ ದೇಶದ ಕಿವಿಗೆ ಬಿದ್ದರು. ಗುಂಪಿನ ಹೆಸರು ದ ಕಾರ್ಡ್ಸ್. ಕಾರ್ಲ್ ಮತ್ತು ಕ್ಲಾಡ್ ಫೀಸ್ಟರ್ ಅಣ್ಣತಮ್ಮಂದಿರು, ಜಿಮ್ಮಿ ಕೀಸ್, ಫ್ಲಾಯ್ಡ್ ಮೆಕ್‌ರೇ, ವಿಲಿಯಂ ಎಡ್ವರ್ಡ್ಸ್. ಸಬ್‌ವೇ ನಿಲ್ದಾಣದಲ್ಲಿ ಹಾಡುತ್ತಿದ್ದಾಗ ಕಂಪನಿಯವರ ಕಣ್ಣಿಗೆ ಬಿದ್ದರು ಅನ್ನೋದು ಎಲ್ಲರೂ ಹೇಳುವ ಕಥೆ. ನಾವು ಬಂದ ನಿಲ್ದಾಣದ ಮೆಟ್ಟಿಲಲ್ಲಿ ಭಾವಮೈದುನ ಒಂದು ಸಲ ಕೂಗಿ ನೋಡಿದ್ದ. ದನಿ ಚೆನ್ನಾಗಿ ಗುಂಯ್ ಅಂತು. ಯಾರೂ ತಿರುಗಿಯೂ ನೋಡಲಿಲ್ಲ.

ಅಟ್ಲಾಂಟಿಕ್ ಕಂಪನಿ ತನ್ನ ಉಪಕಂಪನಿ ಕ್ಯಾಟ್ ಮೂಲಕ ಇವರ ತಟ್ಟೆ ತಂದಿತು. ಮುಂಬದಿಯಲ್ಲಿ ಆಗಲೇ ಜನಪ್ರಿಯವಾಗಿದ್ದ ಬೇರೆಯವರ ಹಾಡು. ಹಿಂಬದಿಯಲ್ಲಿ ಹುಡುಗರು ತಾವೇ ಬರೆದ 'ಶ್-ಬೂಮ್'. ಜನ ತಟ್ಟೆ ತಿರುಗಿಸಿ ಕೇಳಿದರು. ಕಪ್ಪು ಜನರ ಸಂಗೀತಕ್ಕೆಂದೇ ಬೇರೆ ಪಟ್ಟಿ ಇದ್ದ ಕಾಲ ಅದು. ಈ ಹಾಡು ಅದರಲ್ಲೂ ಬಂತು, ಸಾಮಾನ್ಯ ಪಾಪ್ ಪಟ್ಟಿಯ ಮೊದಲ ಹತ್ತರೊಳಗೂ ಬಂತು. ಅಷ್ಟರಲ್ಲಿ ಕೆನಡಾದ ಟೊರಾಂಟೊದಿಂದ ಬಂದ ಕ್ರೂ-ಕಟ್ಸ್ ಅನ್ನೋ ಬಿಳಿಯ ಹುಡುಗರ ಗುಂಪು ಅದನ್ನೇ ನುಣುಪು ಮಾಡಿ ಹಾಡಿತು. ಅದು ವಾರಗಟ್ಟಲೆ ಮೊದಲ ಸ್ಥಾನದಲ್ಲಿ ಕೂತಿತು. ರೇಡಿಯೋ ಸ್ಟೇಷನ್ನುಗಳಿಗೆ ನುಣುಪೇ ಅನುಕೂಲ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಕಾರ್ಡ್ಸ್ ಹಾಡು ಕುಣಿಯುತ್ತದೆ. ಇನ್ನೊಂದು ಕುಣಿಯುವ ಹಾಗೆ ನಟಿಸುತ್ತದೆ.

ಇಷ್ಟು ಸಾಲದು ಅಂತ ಅದೇ ಹೆಸರಿನ ಇನ್ನೊಂದು ಗುಂಪು ತಕರಾರು ತೆಗೆಯಿತು. ಇವರು ಕಾರ್ಡ್‌ಕ್ಯಾಟ್ಸ್ ಆದರು, ಆಮೇಲೆ ಹಾಡಿನ ಹೆಸರನ್ನೇ ಇಟ್ಟುಕೊಂಡು ಶ್-ಬೂಮ್ಸ್ ಆದರು. ಹೆಸರು ಬದಲಾದಷ್ಟೂ ಜನ ಮರೆತರು. ಅಂಥ ಹಿಟ್ ಮತ್ತೆ ಬರಲೇ ಇಲ್ಲ.

ಅದೇ 166ನೇ ಬೀದಿಯಲ್ಲಿ ಸ್ವಲ್ಪ ಆಚೆ ಸೇಂಟ್ ಆಂಥನಿ ಆಫ್ ಪಡುವಾ ಚರ್ಚು. ಇದರ ಶಾಲೆಯ ಐವರು ಹುಡುಗಿಯರು ಶಾಂಟೆಲ್ಸ್. ನನ್ನ ಪ್ರಕಾರ ಈ ಸುತ್ತಿನ ದೊಡ್ಡ ಹೆಸರು ಇವರದ್ದೇ, ಎಷ್ಟೇ ಕಡಿಮೆ ಜನ ಕೇಳಿದ್ದರೂ. ಚರ್ಚಿನ ಗಾಯನವೃಂದದಲ್ಲಿ ಲ್ಯಾಟಿನ್ ಕೀರ್ತನೆಗಳನ್ನು ಹಾಡಿ ಪಳಗಿದ ಕಂಠಗಳು. ಮುಂದೆ ನಿಲ್ಲುತ್ತಿದ್ದ ಅರ್ಲೀನ್ ಸ್ಮಿತ್ ಶಾಸ್ತ್ರೀಯ ಸಂಗೀತ ಕಲಿತವಳು. ಗುಂಪಿನ ಹೆಸರು ಬಂದದ್ದು ಆಟದಲ್ಲಿ ಎದುರಾಳಿಯಾಗಿದ್ದ ಶಾಲೆಯಿಂದ, ಸೇಂಟ್ ಫ್ರಾನ್ಸಿಸ್ ಡಿ ಶಾಂಟಾಲ್.

1957ರ ಅಕ್ಟೋಬರಿನಲ್ಲಿ ಇವರು 'ಮೇಬಿ' ರೆಕಾರ್ಡ್ ಮಾಡಿದರು. ಮುಂದಿನ ವರ್ಷ ಅದು ಪಾಪ್ ಪಟ್ಟಿಯ 15ನೇ ಸ್ಥಾನ ಮುಟ್ಟಿತು. ಶುರುವಿಗೇ ಪಿಯಾನೊ ಬಡಿತ, ಎಲ್ಲರ ದನಿ ಒಟ್ಟಿಗೆ, ಆಮೇಲೆ ಅರ್ಲೀನ್ ಒಬ್ಬಳೇ. ಹದಿನಾರರ ಹುಡುಗಿ ಹಾಗೆ ಹಾಡುತ್ತಾಳೆ ಅಂದರೆ ನಂಬೋದು ಕಷ್ಟ. ಹುಡುಗಿಯರ ಗುಂಪುಗಳ ದೊಡ್ಡ ಅಲೆ ಅಮೆರಿಕದಲ್ಲಿ ಎದ್ದದ್ದು 60ರ ದಶಕದಲ್ಲಿ. ಇವರು ಅದಕ್ಕೂ ಮುಂಚೆಯೇ ದಾರಿ ಮಾಡಿದವರು. ಕಂಪನಿ 1959ರಲ್ಲಿ ಕೈಬಿಟ್ಟಿತು. ಅರ್ಲೀನ್ ಮುಂದೆ ಓದಿ ಇದೇ ಬ್ರಾಂಕ್ಸ್‌ನಲ್ಲಿ ಮೇಷ್ಟರಮ್ಮ ಆದಳು.

ಇವರ ಹಾಡು ತಂದ ಕಂಪನಿಯ ಹೆಸರು ಎಂಡ್. ಅದರ ಯಜಮಾನ ಜಾರ್ಜ್ ಗೋಲ್ಡ್‌ನರ್. ಗೀ, ಗಾನ್, ಎಂಡ್ ಅಂತ ಒಂದರ ಮೇಲೊಂದು ಕಂಪನಿ ಕಟ್ಟಿದ ಮನುಷ್ಯ. ಹಿಟ್ ಹಾಡು ಮೂಸಿ ಹಿಡಿಯುವ ಮೂಗು, ಜೊತೆಗೆ ಕುದುರೆ ಜೂಜಿನ ಚಟ. ಜೂಜಿನ ಸಾಲ ತೀರಿಸಲು ಕಂಪನಿಗಳನ್ನು ಮಾರಿದ. ಕೊಂಡವನು ಮಾರಿಸ್ ಲೆವಿ. ಈ ಲೆವಿ ಹೆಸರು ನಾಳೆಗೂ ಬೇಕು.

ಸಂಜೆ ಆರ್ಥರ್ ಅವೆನ್ಯೂ ಕಡೆ ಹೋಗಿ ಕಾಫಿ ಕುಡಿದೆವು. ಅದು ಬೆಲ್ಮಾಂಟ್, ಇಟಲಿಯವರ ಕೇರಿ. ಡಿಯಾನ್ ಅಂಡ್ ದ ಬೆಲ್ಮಾಂಟ್ಸ್ ಅಲ್ಲಿಯವರು. ಅವರು ಸಾಕಷ್ಟು ಪ್ರಸಿದ್ಧರು, ನಮ್ಮ ಪಟ್ಟಿಗೆ ಬರಲ್ಲ. ಕಾಫಿ ಚೆನ್ನಾಗಿತ್ತು.

ಶನಿವಾರ: ಹಾರ್ಲೆಮ್, ಅಲ್ಲಿಂದ ಇನ್ನೂ ಮೇಲೆ

125ನೇ ಬೀದಿಯಲ್ಲಿ ಅಪೊಲೊ ಥಿಯೇಟರ್ ಮುಂದೆ ಫೋಟೋ ತೆಗೆಸಿಕೊಳ್ಳುವವರ ಸಾಲೇ ಇತ್ತು. ನಾವೂ ನಿಂತೆವು. ಆದರೆ ನಾನು ಹುಡುಕುತ್ತಿದ್ದದ್ದು ಈಗ ಇಲ್ಲದ ಒಂದು ಅಂಗಡಿಯನ್ನು. ದಕ್ಷಿಣ ಕೆರೊಲಿನಾದಿಂದ ಬಂದ ಬಾಬಿ ರಾಬಿನ್ಸನ್ 1946ರಲ್ಲಿ ಈ ಬೀದಿಯಲ್ಲಿ ರೆಕಾರ್ಡ್ ಅಂಗಡಿ ತೆರೆದ. ಕಪ್ಪು ಜನಾಂಗದವನೊಬ್ಬ ಇಲ್ಲಿ ಸ್ವಂತ ವ್ಯಾಪಾರ ಇಟ್ಟದ್ದೇ ಆಗ ಅಪರೂಪ. ಹುಡುಗರು ಅಂಗಡಿಗೆ ಬಂದು ಹಾಡಿ ತೋರಿಸುತ್ತಿದ್ದರು. ಚೆನ್ನಾಗಿದ್ದರೆ ರಾಬಿನ್ಸನ್ ತಾನೇ ತಟ್ಟೆ ಮಾಡಿಸಿ ಮಾರುತ್ತಿದ್ದ. 1956ರಲ್ಲಿ ಹಾಗೆ ಬಂದದ್ದು ದ ಚಾನಲ್ಸ್ ಗುಂಪಿನ 'ದ ಕ್ಲೋಸರ್ ಯು ಆರ್'. ಮುಂದಾಳು ಅರ್ಲ್ ಲೂಯಿಸ್, ಇನ್ನೂ ಹದಿಹರೆಯದ ಹುಡುಗ. ನ್ಯೂಯಾರ್ಕ್ ಬಿಟ್ಟರೆ ಹೊರಗೆ ಅಷ್ಟಾಗಿ ಓಡಲಿಲ್ಲ. ಆದರೆ ಈ ಊರಿನ ಹಳಬರನ್ನು ಕೇಳಿದರೆ ಮೊದಲ ಐದರಲ್ಲಿ ಅದನ್ನು ಹೇಳುತ್ತಾರೆ.

ರಾಬಿನ್ಸನ್ ಸುಮ್ನೆ ಹಳೇ ಕಾಲದಲ್ಲಿ ನಿಂತವನಲ್ಲ. 1959ರಲ್ಲಿ ಅವನ ಫ್ಯೂರಿ ಕಂಪನಿಯ 'ಕಾನ್ಸಾಸ್ ಸಿಟಿ' ದೇಶದಲ್ಲೇ ಮೊದಲ ಸ್ಥಾನಕ್ಕೆ ಹೋಯಿತು, ಹಾಡಿದ್ದು ವಿಲ್ಬರ್ಟ್ ಹ್ಯಾರಿಸನ್. ಇಪ್ಪತ್ತು ವರ್ಷ ಬಿಟ್ಟು 1979ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲಾಶ್ ತಂಡದ ರ‍್ಯಾಪ್ ತಟ್ಟೆಯನ್ನೂ ಅವನೇ ತಂದ. ಅಂಗಡಿ 2008ರಲ್ಲಿ ಕಟ್ಟಡ ಕೆಡವುವ ಯೋಜನೆಗೆ ಸಿಕ್ಕಿ ಮುಚ್ಚಿತು. ಈಗ ಆ ಸುತ್ತಲೂ ದೊಡ್ಡ ಬ್ರ್ಯಾಂಡ್‌ಗಳ ಗಾಜಿನ ಅಂಗಡಿಗಳು.

ಎ ರೈಲು ಹಿಡಿದು 168ನೇ ಬೀದಿಗೆ ಹೋದೆವು. ಅಲ್ಲಿಂದ ಇಳಿಜಾರಿನಲ್ಲಿ ನಡೆದರೆ 165, 164. ಫ್ರ್ಯಾಂಕಿ ಲೈಮನ್ ಮತ್ತು ಟೀನೇಜರ್ಸ್ ಅನ್ನೋ ಗುಂಪಿನ ಹುಡುಗರು ಓದಿದ ಸ್ಟಿಟ್ ಶಾಲೆ ಇಲ್ಲಿದೆ. ಶೆರ್ಮನ್ ಗಾರ್ನ್ಸ್, ಜಿಮ್ಮಿ ಮರ್ಚೆಂಟ್ ಕಪ್ಪು ಹುಡುಗರು. ಹರ್ಮನ್ ಸ್ಯಾಂಟಿಯಾಗೊ, ಜೋ ನೆಗ್ರೋನಿ ಪೋರ್ಟೊರಿಕೊ ಮೂಲದವರು. ಕೊನೆಗೆ ಸೇರಿದ ಪುಟ್ಟ ಲೈಮನ್‌ಗೆ ಹಾಡು ಹಿಟ್ ಆದಾಗ ಬರೀ 13 ವರ್ಷ. ಇವರು ಹಾಡು ಕಲಿಯುತ್ತಿದ್ದದ್ದು ಅಪಾರ್ಟ್‌ಮೆಂಟಿನ ಮೊಗಸಾಲೆಯಲ್ಲಿ. ಟೈಲ್ಸ್ ಹಾಕಿದ ಗೋಡೆ, ಕಲ್ಲಿನ ಮೆಟ್ಟಿಲು. ದನಿ ಪುಕ್ಕಟೆಯಾಗಿ ದೊಡ್ಡದಾಗುತ್ತದೆ. ಅಲ್ಲಿ ವಾಸವಿದ್ದ ಒಬ್ಬರು ದಿನಾ ಅದೇ ಹಾಡು ಕೇಳಿ ಬೇಸತ್ತು, ತನಗೆ ಹುಡುಗಿ ಬರೆದಿದ್ದ ಪ್ರೇಮಪತ್ರಗಳನ್ನು ತಂದು, ಇದರಿಂದ ಏನಾದರೂ ಹೊಸದು ಮಾಡಿ ಅಂತ ಕೊಟ್ಟರಂತೆ. ಅದರಿಂದ ಹುಟ್ಟಿದ್ದು 'ವೈ ಡೂ ಫೂಲ್ಸ್ ಫಾಲ್ ಇನ್ ಲವ್'. 1956ರ ಜನವರಿಯಲ್ಲಿ ಬಂತು. ಅಮೆರಿಕದಲ್ಲಿ 6ನೇ ಸ್ಥಾನ, ಬ್ರಿಟನ್ನಿನಲ್ಲಿ ಮೊದಲನೆಯದು.

ಹಾಡು ಎಲ್ಲರಿಗೂ ಗೊತ್ತು. ಜೊತೆಗೆ ಹಾಡಿದ ನಾಲ್ವರು ಯಾರಿಗೂ ಗೊತ್ತಿಲ್ಲ. ಹಾಡು ಬರೆದವರ ಹೆಸರಿನ ಜಾಗದಲ್ಲಿ ಲೈಮನ್ ಜೊತೆಗೆ ಮೊದಲು ಗೋಲ್ಡ್‌ನರ್, ಆಮೇಲೆ ಅದೇ ಮಾರಿಸ್ ಲೆವಿ ಸೇರಿಕೊಂಡ. ಒಂದು ಸ್ವರವನ್ನೂ ಹಾಡದವನು. ಸ್ಯಾಂಟಿಯಾಗೊ ಮತ್ತು ಮರ್ಚೆಂಟ್ ಕೋರ್ಟಿಗೆ ಹೋಗಿ 1992ರಲ್ಲಿ ಗೆದ್ದರು. 1996ರಲ್ಲಿ ಮೇಲಿನ ಕೋರ್ಟು, ದಾವೆ ಹೂಡುವ ಅವಧಿ ಮುಗಿದಿತ್ತು ಅಂತ ಆ ತೀರ್ಪನ್ನು ತೆಗೆದುಹಾಕಿತು. ಭಾವಮೈದುನ ಅದುವರೆಗೂ ಹೂಂ ಹೂಂ ಅನ್ನುತ್ತಿದ್ದವನು ಇದಕ್ಕೆ ಮಾತ್ರ ಸಿಟ್ಟಾದ. "ಭಾವ, ಬರೆದಿದ್ದು ಅವರೇ ಅಂತ ಒಪ್ಪಿಕೊಂಡ ಮೇಲೂ ದುಡ್ಡು ಕೊಡಲ್ಲ ಅಂದ್ರೆ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಲೈಮನ್ ಕಥೆ ಇನ್ನೂ ಕೆಟ್ಟದ್ದು. 1957ರಲ್ಲೇ ಗುಂಪು ಬಿಡಿಸಿ ಅವನೊಬ್ಬನನ್ನೇ ಹಾಡಿಸಿದರು. ದನಿ ಒಡೆಯಿತು, ಹೆರಾಯಿನ್ ಹಿಡಿಯಿತು. 1968ರ ಫೆಬ್ರವರಿಯಲ್ಲಿ ಅಜ್ಜಿಯ ಮನೆಯಲ್ಲಿ ಸತ್ತು ಬಿದ್ದಿದ್ದ. ಆಗ 25 ವರ್ಷ. ಹಾಡಿನ ದುಡ್ಡು ಕೇಳಿಕೊಂಡು ಆಮೇಲೆ ಬಂದ ಹೆಂಡತಿಯರು ಮೂವರು.

ಭಾನುವಾರ: ಫಿಲಡೆಲ್ಫಿಯಾ

ಬೆಳಿಗ್ಗೆ ಅವನ ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆ ಹಿಡಿದು ಹೊರಟೆವು. ಸ್ವಾತಂತ್ರ್ಯದ ಗಂಟೆ ಅವನ ಒತ್ತಾಯಕ್ಕೆ ನೋಡಿದ್ದಾಯಿತು. ಆಮೇಲೆ ಮಾರ್ಕೆಟ್ ಬೀದಿಯಲ್ಲಿ ಪಶ್ಚಿಮಕ್ಕೆ, 46ನೇ ಬೀದಿ ಹತ್ತಿರ. ತಲೆ ಮೇಲೆ ರೈಲು ಗಡಗಡ ಅನ್ನುತ್ತದೆ. ಕೆಳಗೆ ತಗ್ಗಾದ ಒಂದು ಹಳೇ ಕಟ್ಟಡ. ಇಲ್ಲಿಂದಲೇ 1957ರ ಆಗಸ್ಟಿನಿಂದ 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್' ಅನ್ನೋ ಹಾಡು ಕುಣಿತದ ಟಿವಿ ಕಾರ್ಯಕ್ರಮ ಇಡೀ ದೇಶಕ್ಕೆ ಪ್ರಸಾರ ಆಗುತ್ತಿತ್ತು. ಈಗ ಹೊಸ ಉದ್ಯಮಿಗಳಿಗೆ ನೆರವಾಗುವ ಸಂಸ್ಥೆಯೊಂದು ಇಲ್ಲಿದೆ. ಹಾಡುವವರಲ್ಲಿ ಕಪ್ಪು ಜನರು ಬೇಕಾದಷ್ಟು ಇರುತ್ತಿದ್ದರು. ಕ್ಯಾಮೆರಾ ಮುಂದೆ ಕುಣಿಯುವ ಹುಡುಗ ಹುಡುಗಿಯರಲ್ಲಿ ಮಾತ್ರ ಅವರು ಕಾಣದ ಹಾಗೆ ನೋಡಿಕೊಳ್ಳುತ್ತಿದ್ದರು. ಸುತ್ತಲಿನ ಕೇರಿಯಲ್ಲಿ ಅವರೇ ತುಂಬಿದ್ದರೂ.

ಈ ಕಾರ್ಯಕ್ರಮದಿಂದ ಏಣಿ ಹತ್ತಿದವರಲ್ಲಿ ಇದೇ ಊರಿನ ಸಿಲೂಯೆಟ್ಸ್ ಒಂದು. ಸೇನೆಯಿಂದ ವಾಪಸ್ ಬಂದ ರಿಚರ್ಡ್ ಲೂಯಿಸ್ ಕೆಲಸವಿಲ್ಲದೆ ಮನೆಯಲ್ಲಿ ಬಿದ್ದಿದ್ದ. ಅಮ್ಮ ದಿನಾ ಬೆಳಿಗ್ಗೆ ಎದ್ದು ಕೆಲಸ ಹುಡುಕು ಅಂತ ಬೈಯುತ್ತಿದ್ದಳು. ಆ ಬೈಗುಳವನ್ನೇ ಅವನು ಹಾಡು ಮಾಡಿದ, 'ಗೆಟ್ ಅ ಜಾಬ್'. ಸ್ಥಳೀಯ ರೇಡಿಯೋ ನಿರೂಪಕ ಕೇ ವಿಲಿಯಮ್ಸ್ ತನ್ನ ಜೂನಿಯರ್ ಕಂಪನಿಯಲ್ಲಿ ತಂದ. ಇದೂ ಹಿಂಬದಿಯ ಹಾಡೇ! 1958ರ ಫೆಬ್ರವರಿಯಲ್ಲಿ ದೇಶದ ಮೊದಲ ಸ್ಥಾನ. ಆಮೇಲೆ ಪಟ್ಟಿಯಲ್ಲಿ ಆ ಗುಂಪಿನ ಹೆಸರೇ ಇಲ್ಲ. ಬರೀ ಪ್ರೀತಿ, ಚಂದಿರ ಅಂತ ಹಾಡುತ್ತಿದ್ದ ಕಾಲದಲ್ಲಿ ನಿರುದ್ಯೋಗದ ಮೇಲೆ ಹಾಡಿ ಎಲ್ಲರನ್ನೂ ಕುಣಿಸಿದ್ದು ಸಣ್ಣ ಮಾತಲ್ಲ. ಆ ಹಾಡಿನ ಹಿಂದನಿಯ ಅಕ್ಷರಗಳನ್ನೇ ಹತ್ತು ವರ್ಷದ ಮೇಲೆ ಶಾ ನಾ ನಾ ಅನ್ನೋ ಬೇರೆ ತಂಡ ಹೆಸರಾಗಿ ಇಟ್ಟುಕೊಂಡು ಪ್ರಸಿದ್ಧಿಯಾಯಿತು.

ಈ ಊರಿನ ಇನ್ನೊಬ್ಬ ಲೀ ಆಂಡ್ರೂಸ್. ಅವನ ಹಾರ್ಟ್ಸ್ ಗುಂಪು 1957ರಲ್ಲಿ 'ಟಿಯರ್ ಡ್ರಾಪ್ಸ್' ಹಾಡಿತು. ಮೆತ್ತಗಿನ ದನಿ, ಎಲ್ಲೂ ಕೂಗಾಟ ಇಲ್ಲ. ಅವನ ಅಪ್ಪ ಬೀಚಿ ಥಾಂಪ್ಸನ್ ಡಿಕ್ಸಿ ಹಮ್ಮಿಂಗ್‌ಬರ್ಡ್ಸ್ ಅನ್ನೋ ಭಕ್ತಿಗೀತೆಗಳ ತಂಡದಲ್ಲಿದ್ದವನು. ಆಂಡ್ರೂಸ್‌ನ ಮಗ ಕ್ವೆಸ್ಟ್‌ಲವ್. ಜಿಮ್ಮಿ ಫ್ಯಾಲನ್ ನಡೆಸುವ ಟಿವಿ ಕಾರ್ಯಕ್ರಮದ ರೂಟ್ಸ್ ತಂಡದಲ್ಲಿ ಡ್ರಮ್ಸ್ ನುಡಿಸುವವನು, 2022ರಲ್ಲಿ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪಡೆದವನು. ಚಿಕ್ಕವನಿದ್ದಾಗಲೇ ಅಪ್ಪ ಅಮ್ಮನ ತಂಡದ ಜೊತೆ ಊರೂರು ಸುತ್ತಿ ಡ್ರಮ್ಸ್ ಕಲಿತ. ಮಗನನ್ನು ಭಾವಮೈದುನ ಟಿವಿಯಲ್ಲಿ ನೋಡುತ್ತಾನೆ. ಅಪ್ಪನ ಹೆಸರು ಕೇಳಿದ್ದು ಇವತ್ತೇ. ಕಾರಿನಲ್ಲಿ ಆ ಹಾಡನ್ನು ಅವನೇ ಎರಡನೇ ಸಲ ಹಾಕಿದ.

ಸೋಮವಾರ: ವೈಲ್ಡ್‌ವುಡ್

ನ್ಯೂಜೆರ್ಸಿಯ ದಕ್ಷಿಣ ತುದಿಯ ಸಮುದ್ರದೂರು. ಮಕ್ಕಳಿರುವವರಿಗೆ ಇದೊಂದೇ ದಿನ ಇಷ್ಟ ಆದೀತು. ಅಗಲವಾದ ಮರಳು, ಮರದ ಹಲಗೆಯ ಕಾಲುದಾರಿ, ಅದರ ಮೇಲೆ ಜನರನ್ನು ಪಕ್ಕಕ್ಕೆ ಸರಿಯಿರಿ ಅಂತ ಟೇಪಿನ ದನಿಯಲ್ಲಿ ಬೇಡಿಕೊಳ್ಳುತ್ತಾ ಓಡಾಡುವ ಹಳದಿ ಟ್ರಾಮ್ ಗಾಡಿ. ಜೊತೆಗೆ 50, 60ರ ದಶಕದ ಮೋಟೆಲ್‌ಗಳು. ಓರೆ ಚಾವಣಿ, ನಿಯಾನ್ ದೀಪ, ಪ್ಲಾಸ್ಟಿಕ್ ತಾಳೆಮರ. 1957ರ ಕ್ಯಾರಿಬಿಯನ್ ಮೋಟೆಲ್ ಈಗ ಸರ್ಕಾರದ ಐತಿಹಾಸಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಈ ಕಟ್ಟಡಗಳ ಶೈಲಿಗೆ 1990ರ ದಶಕದಲ್ಲಿ ಡೂ-ವಾಪ್ ಅಂತ ಹೆಸರಿಟ್ಟರು. ಉಳಿಸಲು ಸಂಘ ಕಟ್ಟಿದರು. ಒಂದು ಹಳೇ ರೆಸ್ಟೋರೆಂಟನ್ನು ಬಿಚ್ಚಿ ತಂದು ಜೋಡಿಸಿ ಮ್ಯೂಸಿಯಂ ಮಾಡಿದರು. ಕೆಡವಿದ ಮೋಟೆಲ್‌ಗಳ ನಿಯಾನ್ ಬೋರ್ಡುಗಳು ಅದರ ಅಂಗಳದಲ್ಲಿವೆ. ರಾತ್ರಿ ಹತ್ತಿಸಿದಾಗ ನಿಜಕ್ಕೂ ಚೆಂದ.

ಸಂಗೀತದ ನಂಟು ಈ ಊರಿಗೆ ಇಲ್ಲ ಅಂತಲ್ಲ. ಫಿಲಡೆಲ್ಫಿಯಾದ ಚಬ್ಬಿ ಚೆಕರ್ 1960ರಲ್ಲಿ 'ದ ಟ್ವಿಸ್ಟ್' ಹಾಡಿ ಕುಣಿದು ತೋರಿಸಿದ್ದು ಇಲ್ಲಿನ ರೇನ್‌ಬೋ ಕ್ಲಬ್ಬಿನಲ್ಲಿ. ಅದನ್ನು ಬರೆದು ಮೊದಲು ಹಾಡಿದ ಹ್ಯಾಂಕ್ ಬ್ಯಾಲರ್ಡ್ ತಟ್ಟೆಯಲ್ಲೂ ಅದು ಹಿಂಬದಿಯಲ್ಲೇ ಇತ್ತು ಅನ್ನೋದನ್ನು ಭಾವಮೈದುನ ನಾನು ಹೇಳುವ ಮೊದಲೇ ಊಹಿಸಿದ. ಆದರೂ ನನಗೆ ಇಲ್ಲಿ ಸ್ವಲ್ಪ ಹೊಟ್ಟೆ ಉರಿಯಿತು. ಹುಡುಗರ ಹಾಡಿನ ಹೆಸರು ಮೋಟೆಲ್‌ಗೆ ಬಂತು. ಮೋಟೆಲ್ ಉಳಿಸಲು ದುಡ್ಡೂ ಬಂತು. 166ನೇ ಬೀದಿಗೆ ಬಸ್ಸಿನಲ್ಲಿ ಪ್ರವಾಸಿಗಳನ್ನು ಕರೆತರುವವರನ್ನು ನಾವು ನೋಡಲಿಲ್ಲ.

ಮಂಗಳವಾರ: ವಾಪಸ್

ಮಳೆ. ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಉದ್ದಕ್ಕೂ ವೈಪರ್ ಹಾಕಿಕೊಂಡೇ ಬಂದೆವು. ಚೀಟಿಯಲ್ಲಿ ಉಳಿದದ್ದು ಪಿಟ್ಸ್‌ಬರ್ಗ್. ಎಡಿಸನ್‌ನಿಂದ ಐದಾರು ಗಂಟೆಯ ದಾರಿ, ಅವನ ರಜೆ ಮುಗಿದಿತ್ತು. ದಾರಿಯಲ್ಲಿ ಡೆಲ್-ವೈಕಿಂಗ್ಸ್ ಕಥೆ ಹೇಳಿದೆ. ಪಿಟ್ಸ್‌ಬರ್ಗಿನ ವಾಯುಪಡೆಯ ನೆಲೆಯಲ್ಲಿ ಕೂಡಿದ ಗುಂಪು. ಕಪ್ಪು ಬಿಳಿ ಎರಡೂ ಬಣ್ಣದವರು ಒಟ್ಟಿಗೆ ಹಾಡಿದ್ದು ಆ ಕಾಲಕ್ಕೆ ಅಪರೂಪ. 1957ರಲ್ಲಿ 'ಕಮ್ ಗೋ ವಿತ್ ಮಿ' 4ನೇ ಸ್ಥಾನಕ್ಕೆ ಹೋಯಿತು. ಹಿಟ್ ಆದ ಕೂಡಲೇ ಅವರ ಮ್ಯಾನೇಜರ್ ಒಂದು ತೂತು ಹುಡುಕಿದ. ರೆಕಾರ್ಡ್ ಕಂಪನಿಯ ಕರಾರಿಗೆ ಸಹಿ ಹಾಕಿದಾಗ ಕ್ರಿಪ್ ಜಾನ್ಸನ್ ಒಬ್ಬನನ್ನು ಬಿಟ್ಟರೆ ಉಳಿದವರಿಗೆ 21 ತುಂಬಿರಲಿಲ್ಲ. ಹಾಗಾಗಿ ಕರಾರು ಅವರಿಗೆ ಅನ್ವಯಿಸಲ್ಲ. ಅವರೆಲ್ಲ ದೊಡ್ಡ ಕಂಪನಿ ಮರ್ಕ್ಯುರಿಗೆ ಹೋದರು. ಜಾನ್ಸನ್ ಹಳೇ ಕಡೆಯೇ ಉಳಿದು ಬೇರೆಯವರನ್ನು ಸೇರಿಸಿಕೊಂಡ. ಒಂದೇ ವರ್ಷ ಒಂದೇ ಹೆಸರಿನ ಎರಡು ಗುಂಪು ಅಂಗಡಿಯಲ್ಲಿ ತಟ್ಟೆ ಮಾರುತ್ತಿದ್ದವು.

"ವಕೀಲರ ಫೀಸೇ ಜಾಸ್ತಿ ಆಗಿರುತ್ತೆ ಬಿಡಿ ಭಾವ" ಅಂದ. ಮನೆ ಮುಟ್ಟಿ ಬಟ್ಟೆ ಒಣಗಿಸುವ ಹೊತ್ತಿಗೆ, ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಪಿಟ್ಸ್‌ಬರ್ಗಿಗೆ ರೂಮು ಎಷ್ಟಾಗುತ್ತೆ ಅಂತ ಫೋನಿನಲ್ಲಿ ನೋಡುತ್ತಿದ್ದ.